ಬಿಸಿಲ ನಾಡಿನಲ್ಲಿ ಹಸಿರಂಗಳ

ಕಲಬುರಗಿ, ರಾಯಚೂರು, ವಿಜಯಪುರ, ಬಳ್ಳಾರಿ ಕಡೆಯ ಸಹೋದರಿಯರಿಗೆ ಏಪ್ರಿಲ್-ಮೇ ತಿಂಗಳ ಅಂಗಳ ಹೇಗಿರುತ್ತದೆಂದು ಬೇರೆಯವರು ಹೇಳಬೇಕಾಗಿಲ್ಲ. ಮಧ್ಯಾಹ್ನದ ಬಿಸಿಲು 42 ಡಿಗ್ರಿ ದಾಟುತ್ತದೆ. ಝುಹ್ರ್ ಹೊತ್ತಿಗೆ ಶಹಾಬಾದ್ ಕಲ್ಲು ಹಾಸಿದ ಅಂಗಳದಲ್ಲಿ ಬರಿಗಾಲಿಡಲಾಗದು. ಎರೆಮಣ್ಣಿನ ನೆಲವಾದರೆ ಕೈ ತೂರುವಷ್ಟು ಬಿರುಕು ಬಿಟ್ಟಿರುತ್ತದೆ. ಅಂಥ ಊರಿನಲ್ಲಿ ಮನೆ ಮುಂದೆ ಒಂದಿಷ್ಟು ಹುಲ್ಲು ಹಸಿರಾಗಿರಲಿ ಎಂದು ಬಯಸುವುದು ಶ್ರೀಮಂತರ ಶೋಕಿ ಎಂದು ಕೆಲವರು ನಗುತ್ತಾರೆ. ನನಗೆ ಹಾಗನಿಸುವುದಿಲ್ಲ. ಗಂಡಸರಿಗೆ ಚಹಾದಂಗಡಿಯಿದೆ, ಮಸೀದಿಯ ಅಂಗಳವಿದೆ, ಸಂಜೆ ಗೆಳೆಯರೊಡನೆ ಸುತ್ತಾಡಲು ಪಾರ್ಕ್ ಇದೆ. ನಮ್ಮ ಅನೇಕ ಮನೆಗಳ ಹೆಣ್ಣುಮಕ್ಕಳಿಗೆ, ವಯಸ್ಸಾದ ತಾಯಂದಿರಿಗೆ ತೆರೆದ ಆಕಾಶವೆಂದರೆ ಕಾಂಪೌಂಡ್ ಗೋಡೆಯೊಳಗಿನ ಆ ನಾಲ್ಕು ಮಾರು ಜಾಗ ಮಾತ್ರ. ಅಸ್ರ್ ನಮಾಝ್ ಮುಗಿಸಿ ಅಲ್ಲಿ ಬರಿಗಾಲಲ್ಲಿ ನಡೆದಾಡುವ, ಮಗುವನ್ನು ಅಂಬೆಗಾಲಿಗೆ ಬಿಡುವ, ನೆರೆಮನೆಯವಳೊಡನೆ ಕುಳಿತು ಶ್ಯಾವಿಗೆ ಹೊಸೆಯುವ ಆಸೆಯಲ್ಲಿ ತಪ್ಪೇನಿದೆ?

ಆದರೆ ಅದೇ ಗೋಡೆಯ ಆಚೆ ಇನ್ನೊಬ್ಬಳು ಸಹೋದರಿ ಟ್ಯಾಂಕರ್ ಬರುವುದನ್ನೇ ಕಾಯುತ್ತಾ ಕೊಡಗಳನ್ನು ಸಾಲಾಗಿಟ್ಟು ನಿಂತಿರುತ್ತಾಳೆ. ಆಕೆಯ ಕಣ್ಣೆದುರಿಗೆ ನೀವು ಪೈಪ್ ಹಿಡಿದು ಹುಲ್ಲಿಗೆ ನೀರು ಬಿಡುತ್ತಿದ್ದರೆ? ಹುಲ್ಲು ಬೆಳೆಸುವ ವಿದ್ಯೆಯ ಬಗ್ಗೆ ಮಾತಾಡುವ ಮೊದಲು ಈ ಪ್ರಶ್ನೆಯನ್ನು ಬಗೆಹರಿಸಿಕೊಳ್ಳಬೇಕು.

ಲೆಕ್ಕ ಏನು ಹೇಳುತ್ತದೆ?

ಒಂದು ಚದರ ಮೀಟರ್ ನೆಲದ ಮೇಲೆ ಒಂದು ಮಿಲಿಮೀಟರ್ ನೀರು ನಿಂತರೆ ಅದು ಸರಿಯಾಗಿ ಒಂದು ಲೀಟರ್. ಇದನ್ನು ನೆನಪಿಟ್ಟುಕೊಂಡರೆ ಮಿಕ್ಕಿದ್ದೆಲ್ಲ ಸುಲಭ. ಗರಿಕೆ ಜಾತಿಯ ಹುಲ್ಲಿಗೆ ಕಡು ಬೇಸಿಗೆಯಲ್ಲಿ ವಾರಕ್ಕೆ ಸುಮಾರು ಒಂದು ಅಂಗುಲ, ಅಂದರೆ 25 ಮಿಲಿಮೀಟರ್ ನೀರು ಬೇಕು. ಬಿಸಿಗಾಳಿ ಬೀಸುವ ವಾರಗಳಲ್ಲಿ ಇನ್ನೂ ಸ್ವಲ್ಪ ಹೆಚ್ಚು. ಹತ್ತಡಿ ಉದ್ದ, ಹತ್ತಡಿ ಅಗಲದ ಹುಲ್ಲುಹಾಸು ಅಂದರೆ ಸುಮಾರು 9.3 ಚದರ ಮೀಟರ್. ಅದಕ್ಕೆ ವಾರಕ್ಕೆ 230 ಲೀಟರ್ ಸಾಕು. ಹದಿನೈದು ಲೀಟರಿನ ಕೊಡದ ಲೆಕ್ಕದಲ್ಲಿ ಹದಿನೈದು-ಹದಿನಾರು ಕೊಡ. ಇದೇ ಹುಲ್ಲುಹಾಸನ್ನು ನೀವು ಇಪ್ಪತ್ತಡಿಗೆ ಮೂವತ್ತಡಿ ಮಾಡಿದಿರೋ, ವಾರಕ್ಕೆ 1400 ಲೀಟರ್ ಬೇಕು. ಒಂದು ಅಂಗಳ ಮನಸ್ಸಿಗೆ ತಂಪು. ಇನ್ನೊಂದು ಪ್ರತಿ ವಾರ ಒಂದು ದೊಡ್ಡ ಸಿಂಟೆಕ್ಸ್ ಟ್ಯಾಂಕಿನ ನೀರು ಕುಡಿಯುವ ಪ್ರಾಣಿ.

ನನ್ನ ಅಭಿಪ್ರಾಯ ಕೇಳಿದರೆ, ಬಯಲುಸೀಮೆಯ ಮನೆಗೆ ನೂರು ಚದರ ಅಡಿಗಿಂತ ಹೆಚ್ಚು ಹುಲ್ಲು ಬೇಡ. ಅಷ್ಟು ಜಾಗದಲ್ಲಿ ಎರಡು ಸಾಲು ಮುಸಲ್ಲಾ ಹಾಸಿ ಹತ್ತು ಜನ ನಮಾಝ್ ಮಾಡಬಹುದು. ರಮಝಾನ್ ಸಂಜೆ ಮನೆಮಂದಿಯೆಲ್ಲಾ ಕುಳಿತು ಇಫ್ತಾರ್ ಮಾಡಬಹುದು. ಉಳಿದ ಜಾಗಕ್ಕೆ ಶಹಾಬಾದ್ ಕಲ್ಲೇ ಇರಲಿ, ಅದರ ಅಂಚಿಗೆ ಒಂದು ಬೇವೋ ಹೊಂಗೆಯೋ ಇರಲಿ.

2016ರ ಏಪ್ರಿಲ್ ತಿಂಗಳನ್ನು ನಮ್ಮ ಬೀದರ್-ಕಲಬುರಗಿಯವರು ಮರೆತಿರಲಾರರು. ಪಕ್ಕದ ಲಾತೂರಿಗೆ ಮೀರಜ್‌ನಿಂದ ರೈಲಿನಲ್ಲಿ ಕುಡಿಯುವ ನೀರು ಹೋಯಿತು. ಅದೇ ತಿಂಗಳು ಬಾಂಬೆ ಹೈಕೋರ್ಟ್, ಏಪ್ರಿಲ್ 30ರ ನಂತರದ ಐಪಿಎಲ್ ಪಂದ್ಯಗಳನ್ನು ಮಹಾರಾಷ್ಟ್ರದಿಂದ ಹೊರಗೆ ಸಾಗಿಸುವಂತೆ ಆದೇಶಿಸಿತು. ಜನರಿಗೆ ಕುಡಿಯಲು ನೀರಿಲ್ಲದಾಗ ಆಟದ ಮೈದಾನದ ಹುಲ್ಲಿಗೆ ಏಕೆ ಎಂಬುದೇ ಅಲ್ಲಿನ ತಗಾದೆ. 2024ರ ಮಾರ್ಚ್‌ನಲ್ಲಿ ಬೆಂಗಳೂರಿನ ಜಲಮಂಡಳಿಯೂ ಕುಡಿಯುವ ನೀರನ್ನು ಕೈತೋಟಕ್ಕೆ, ಕಾರು ತೊಳೆಯುವುದಕ್ಕೆ ಬಳಸಿದರೆ ಐದು ಸಾವಿರ ರೂಪಾಯಿ ದಂಡ ಎಂದಿತು. ಅಷ್ಟರಮಟ್ಟಿಗೆ ಹುಲ್ಲು ಈಗ ನ್ಯಾಯಾಲಯದ ಮೆಟ್ಟಿಲು ಹತ್ತುವ ವಿಷಯವಾಗಿದೆ.

ನೀರು ಮತ್ತು ಹುಲ್ಲು ಜೊತೆಯಾಗಿ ಬರುವ ಹದೀಸ್‌ಗಳು

ನಮಗೆ ಮಾತ್ರ ಇದು ಹೊಸ ವಿಷಯವಲ್ಲ. ನೀರು, ಹುಲ್ಲು, ಬೆಂಕಿ ಈ ಮೂರರಲ್ಲಿ ಮುಸ್ಲಿಮರೆಲ್ಲರೂ ಪಾಲುದಾರರು ಎಂಬ ಅರ್ಥದ ಪ್ರವಾದಿ ವಚನ ಅಬೂದಾವೂದ್‌ನಲ್ಲಿದೆ. ತನ್ನ ಬಾವಿಯಲ್ಲಿ ಮಿಕ್ಕಿದ ನೀರನ್ನು ತಡೆದು ಆ ಮೂಲಕ ಇತರರ ಜಾನುವಾರುಗಳಿಗೆ ಹುಲ್ಲು ದಕ್ಕದಂತೆ ಮಾಡುವುದನ್ನು ಪ್ರವಾದಿವರ್ಯರು(ಸ) ನಿಷೇಧಿಸಿದ್ದು ಬುಖಾರಿ ಮತ್ತು ಮುಸ್ಲಿಮ್ ಎರಡರಲ್ಲೂ ಬಂದಿದೆ. ಮರುಭೂಮಿಯ ಜನರಿಗೆ ಹುಲ್ಲೆಂದರೆ ಮೇವು, ಮೇವೆಂದರೆ ಬದುಕು. ನಮಗೆ ಹುಲ್ಲೆಂದರೆ ಅಂದ. ಮೇವಿಗಾಗಿಯೇ ಮಿಕ್ಕ ನೀರನ್ನು ತಡೆಯಬಾರದೆಂದ ಮೇಲೆ, ಅಂದಕ್ಕಾಗಿ ನೆರೆಯವಳ ಕೊಡದ ನೀರನ್ನು ನಮ್ಮ ಕೊಳವೆ ಬಾವಿಯಿಂದ ಎಳೆದು ಚೆಲ್ಲುವುದಕ್ಕೆ ಯಾವ ಸಮರ್ಥನೆಯಿದೆ? ನಿಮ್ಮ ಬೋರ್‌ವೆಲ್‌ನಲ್ಲಿ ನೀರಿದ್ದರೆ ಮೊದಲು ಗೋಡೆಯ ಹೊರಗೊಂದು ನಲ್ಲಿ ಹಾಕಿಸಿ, ಆಮೇಲೆ ಹುಲ್ಲಿನ ಯೋಚನೆ ಮಾಡಿ.

ಹರಿಯುವ ನದಿಯ ದಡದಲ್ಲಿದ್ದರೂ ವುಝೂವಿನಲ್ಲಿ ನೀರು ಪೋಲು ಮಾಡಬಾರದೆಂದು ಸಅದ್(ರ)ರಿಗೆ ಹೇಳಿದ ಹದೀಸನ್ನು ನಾವೆಲ್ಲಾ ಕೇಳಿದ್ದೇವೆ. ಇಬ್ನು ಮಾಜಃದಲ್ಲಿರುವ ಅದರ ಸನದ್ ಬಗ್ಗೆ ಹದೀಸ್ ತಜ್ಞರಲ್ಲಿ ಮಾತಿದೆ. ಆದರೆ ಪ್ರವಾದಿವರ್ಯರು(ಸ) ಒಂದು ಮುದ್ದ್ ನೀರಿನಲ್ಲಿ ವುಝೂ ಮುಗಿಸುತ್ತಿದ್ದರು ಎಂಬ ಅನಸ್(ರ)ರ ವರದಿಯ ಬಗ್ಗೆ ಯಾರ ತಕರಾರೂ ಇಲ್ಲ. ಒಂದು ಮುದ್ದ್ ಅಂದರೆ ಮುಕ್ಕಾಲು ಲೀಟರಿನ ಆಸುಪಾಸು; ಹನಫೀ ಲೆಕ್ಕದಲ್ಲಿ ಅದಕ್ಕಿಂತ ಸ್ವಲ್ಪ ಹೆಚ್ಚು. ನಾಳೆ ನೀವು ನಲ್ಲಿಯ ಕೆಳಗೆ ಬಕೆಟ್ ಇಟ್ಟು ಎಂದಿನಂತೆ ವುಝೂ ಮಾಡಿ, ಆಮೇಲೆ ಬಕೆಟ್ ಅಳೆದು ನೋಡಿ. ಮೂರು ಲೀಟರಿಗಿಂತ ಕಡಿಮೆಯಿದ್ದರೆ ನಿಮ್ಮನ್ನು ಅಭಿನಂದಿಸಬೇಕು.

ವುಝೂವಿನ ನೀರು ಹುಲ್ಲಿಗೆ

ಈ ಮೂರು ಲೀಟರಿನಲ್ಲಿಯೇ ನಮ್ಮ ಸಮಸ್ಯೆಗೆ ಪರಿಹಾರವಿದೆ. ಮನೆಯ ಗಂಡಸರು ಮಸೀದಿಯಲ್ಲೇ ವುಝೂ ಮಾಡುತ್ತಾರೆಂದು ಲೆಕ್ಕದಿಂದ ಬಿಟ್ಟುಬಿಡಿ. ಮನೆಯಲ್ಲಿ ನಮಾಝ್ ಮಾಡುವ ಮೂವರು ಹೆಂಗಸರಿದ್ದಾರೆ ಎಂದುಕೊಳ್ಳಿ. ಮೂವರು, ಐದು ಹೊತ್ತು, ತಲಾ ಮೂರು ಲೀಟರ್: ದಿನಕ್ಕೆ 45, ವಾರಕ್ಕೆ 315 ಲೀಟರ್. ನೂರು ಚದರ ಅಡಿ ಹುಲ್ಲಿಗೆ ಬೇಕಾದದ್ದು 230. ಟ್ಯಾಂಕರ್‌ನಿಂದ ಒಂದು ಕೊಡವನ್ನೂ ಕೇಳದೆ ನಿಮ್ಮ ಅಂಗಳ ಹಸಿರಾಗಿರಬಲ್ಲದು. ನೀವು ಸುನ್ನತ್ ಪ್ರಕಾರ ನೀರನ್ನು ಮಿತಗೊಳಿಸಿದರೆ ಹುಲ್ಲಿನ ಪಾಲು ಇಳಿಯುತ್ತದೆ ನಿಜ. ಆಗ ಹುಲ್ಲುಹಾಸನ್ನೂ ಚಿಕ್ಕದು ಮಾಡಿ. ಹುಲ್ಲಿಗೆ ನೀರು ಬೇಕೆಂದು ನಲ್ಲಿಯನ್ನು ಜೋರಾಗಿ ತಿರುಗಿಸುವುದಂತೂ ಬೇಡ!

ಇಲ್ಲಿ ಒಂದು ಸಂಶಯ ಬರುತ್ತದೆ, ತರಗತಿಯಲ್ಲಿ ಹುಡುಗಿಯರು ಇದನ್ನು ಕೇಳಿಯೇ ಕೇಳುತ್ತಾರೆ: ಬಳಸಿದ ನೀರು ಬಿದ್ದ ಹುಲ್ಲಿನ ಮೇಲೆ ನಮಾಝ್ ಆಗುತ್ತದೆಯೇ? ಒಮ್ಮೆ ವುಝೂ ಮಾಡಿದ ನೀರಿನಿಂದ ಮತ್ತೊಮ್ಮೆ ವುಝೂ ಸಿಂಧುವಲ್ಲ ಎಂಬುದು ಹನಫೀ, ಶಾಫಿಈ ಎರಡೂ ಮದ್‌ಹಬ್‌ಗಳ ನಿಲುವು. ಆದರೆ ಆ ನೀರು ನಜಸ್ ಅಲ್ಲ, ತಾಹಿರ್. ಬಟ್ಟೆಗೆ ಸಿಡಿದರೆ ಬಟ್ಟೆ ಮಲಿನವಾಗುವುದಿಲ್ಲ, ಹುಲ್ಲಿಗೆ ಬಿದ್ದರೆ ಹುಲ್ಲೂ ಅಷ್ಟೇ. ನಜಸ್ ಇರುವ ಮಗುವಿನ ಬಟ್ಟೆ ತೊಳೆದ ನೀರನ್ನು ಮಾತ್ರ ನೀವು ನಮಾಝ್ ಮಾಡುವ ಹುಲ್ಲಿಗೆ ಚೆಲ್ಲಬೇಡಿ. ಅಕಸ್ಮಾತ್ ಬಿದ್ದರೆ, ನೆಲ ಒಣಗಿ ಅದರ ಗುರುತು, ವಾಸನೆ ಹೋದ ಮೇಲೆ ನೆಲವೂ ಅದಕ್ಕಂಟಿದ ಹುಲ್ಲೂ ನಮಾಝ್‌ಗೆ ಶುದ್ಧ ಎಂಬುದು ಹನಫೀ ವಿದ್ವಾಂಸರ ತೀರ್ಪು. ಶಾಫಿಈ ಮದ್‌ಹಬ್ ಅನುಸರಿಸುವ ಕರಾವಳಿಯವರು ಅದರ ಮೇಲೆ ನೀರು ಸುರಿಯಬೇಕು. ಮಸೀದಿಯಲ್ಲಿ ಮೂತ್ರ ಮಾಡಿದ ಗ್ರಾಮೀಣ ಅರಬನ ಘಟನೆಯಲ್ಲಿ ಪ್ರವಾದಿವರ್ಯರು(ಸ) ನೀರು ಸುರಿಸಿದ್ದು ಅವರ ಪುರಾವೆ.

ಕೊಲ್ಲಿ ರಾಷ್ಟ್ರಗಳಿಂದ ರಜೆಗೆ ಬಂದವರು ದುಬೈ, ಅಬುಧಾಬಿಯ ರಸ್ತೆ ಬದಿಯ ಹುಲ್ಲನ್ನು ಹೊಗಳುವುದುಂಟು. ಮರಳುಗಾಡಿನಲ್ಲೇ ಆಗುವುದಾದರೆ ನಮ್ಮಲ್ಲೇಕೆ ಆಗದು ಎನ್ನುತ್ತಾರೆ. ಆ ಹಸಿರು ನಿಂತಿರುವುದು ಬಹುತೇಕ ಸಂಸ್ಕರಿಸಿದ ಕೊಳಚೆ ನೀರಿನ ಮೇಲೆ. ಅಂಥ ನೀರು ಬಣ್ಣ, ರುಚಿ, ವಾಸನೆಯಲ್ಲಿ ಪೂರ್ತಿ ಶುದ್ಧವಾದರೆ ಬಳಸಬಹುದೆಂದು ಸೌದಿ ಅರೇಬಿಯಾದ ಹಿರಿಯ ವಿದ್ವಾಂಸರ ಮಂಡಳಿ 1978ರಲ್ಲೇ ತೀರ್ಪಿತ್ತಿದೆ. ಅಷ್ಟು ದೊಡ್ಡ ಯಂತ್ರಗಳೇ ಬೇಕಾಗಿರುವ ಕೆಲಸವನ್ನು ನಮ್ಮ ಮಟ್ಟಿಗೆ ಒಂದು ಪೈಪ್ ಮಾಡುತ್ತದೆ. ವುಝೂ ಮಾಡುವ ಕಟ್ಟೆಯ ನೀರು ಮೋರಿಗೆ ಹೋಗುವ ಬದಲು ಗೋಡೆಯಲ್ಲೊಂದು ತೂತಿನ ಮೂಲಕ ಡ್ರಮ್‌ಗೆ ಬೀಳುವಂತೆ ಪ್ಲಂಬರ್‌ಗೆ ಹೇಳಿ. ಡ್ರಮ್‌ನ ಬಾಯಿಗೆ ಹಳೆಯ ದುಪ್ಪಟ್ಟಾ ಕಟ್ಟಿದರೆ ಕೂದಲು, ಕಸ ನಿಲ್ಲುತ್ತದೆ, ಸೊಳ್ಳೆಯೂ ಒಳಹೋಗದು. ನೀರನ್ನು ಎರಡು ದಿನಕ್ಕಿಂತ ಹೆಚ್ಚು ನಿಲ್ಲಿಸಬೇಡಿ. ಡೆಂಗಿ ಹರಡುವ ಸೊಳ್ಳೆ ಮೊಟ್ಟೆಯಿಡುವುದು ಇಂಥ ತಿಳಿನೀರಿನಲ್ಲೇ.

ಅಕ್ಕಿ-ಬೇಳೆ ತೊಳೆದ ನೀರು, ತರಕಾರಿ ತೊಳೆದ ನೀರು ಹುಲ್ಲಿಗೆ ಒಳ್ಳೆಯದು. ಬಟ್ಟೆ ಒಗೆದ ಮೊದಲ ನೀರು ಬೇಡವೇ ಬೇಡ. ಸೋಪಿನ ಪುಡಿಯಲ್ಲಿರುವ ಸೋಡಿಯಂ ನಮ್ಮ ಎರೆಮಣ್ಣನ್ನು ಇನ್ನಷ್ಟು ಬಿಗಿ ಮಾಡಿ ನೀರು ಇಂಗದಂತೆ ಮಾಡುತ್ತದೆ. ಕೊನೆಯ ಜಾಲಿಸಿದ ನೀರನ್ನು ಆಗೊಮ್ಮೆ ಈಗೊಮ್ಮೆ ಬಳಸಬಹುದು. ಉಪ್ಪಿನಕಾಯಿ ಭರಣಿ ತೊಳೆದ ನೀರನ್ನು ಚೆಲ್ಲಿ, ಹುಲ್ಲು ಏಕೆ ಸುಟ್ಟಿತೆಂದು ಕೇಳಬೇಡಿ.

ನೀರು ಹಾಕುವ ಬಗೆ

ಹೆಚ್ಚಿನವರು ಸಂಜೆ ಪೈಪ್ ಹಿಡಿದು ಹುಲ್ಲಿನ ಮೇಲೆ ಐದು ನಿಮಿಷ ಚಿಮುಕಿಸುತ್ತಾರೆ, ಪ್ರತಿದಿನವೂ. ಮಣ್ಣಿನ ವಾಸನೆ ಬರುತ್ತದೆ, ತಂಪೆನಿಸುತ್ತದೆ. ಹುಲ್ಲಿಗೆ ಮಾತ್ರ ಇದು ದ್ರೋಹ. ಮೇಲಿನ ಅರ್ಧ ಅಂಗುಲ ಮಾತ್ರ ಒದ್ದೆಯಾದರೆ ಬೇರುಗಳೂ ಅಲ್ಲಿಯೇ ಮೇಲ್ಮೈಯಲ್ಲಿ ಸುಳಿದಾಡುತ್ತವೆ. ಮರುದಿನದ ಬಿಸಿಲಿಗೆ ಮೊದಲು ಒಣಗುವ ಜಾಗ ಅದೇ. ವಾರಕ್ಕೆ ಎರಡು ಬಾರಿ ಹಾಕಿ, ಆದರೆ ನೀರು ಐದಾರು ಅಂಗುಲ ಇಳಿಯುವಷ್ಟು ಹಾಕಿ. ಬೇರು ನೀರನ್ನು ಹಿಂಬಾಲಿಸಿ ಕೆಳಗಿಳಿಯುತ್ತದೆ. ಕೆಳಗಿನ ಮಣ್ಣು ಮೇಲಿನದರಷ್ಟು ಬೇಗ ಒಣಗುವುದಿಲ್ಲ.

ಎಷ್ಟು ಇಳಿದಿದೆಯೆಂದು ತಿಳಿಯಲು ಉದ್ದದ ಸ್ಕ್ರೂಡ್ರೈವರ್ ಸಾಕು. ಒದ್ದೆ ಮಣ್ಣಿನಲ್ಲಿ ಅದು ಸಲೀಸಾಗಿ ಇಳಿಯುತ್ತದೆ, ಒಣಮಣ್ಣು ತಾಗಿದಲ್ಲಿ ನಿಲ್ಲುತ್ತದೆ. ಪೈಪ್‌ನಿಂದ ಎಷ್ಟು ನೀರು ಬೀಳುತ್ತಿದೆ ಎಂದು ಅಳೆಯಬೇಕಾದರೆ ಖಾಲಿ ಡಬ್ಬಿಗಳನ್ನು ಹುಲ್ಲಿನ ಮೇಲೆ ಅಲ್ಲಲ್ಲಿಟ್ಟು ಸ್ಕೇಲ್ ಹಿಡಿದು ನೋಡಿ. ಮಕ್ಕಳಿಗೆ ಬೇಸಿಗೆ ರಜೆಯಲ್ಲಿ ಕೊಡಲು ಒಳ್ಳೆಯ ಕೆಲಸ.

ಹೊತ್ತು? ಫಜ್ರ್ ನಮಾಝ್ ಮುಗಿದ ಕೂಡಲೇ. ಆಗ ಗಾಳಿಯಿಲ್ಲ, ಬಿಸಿಲಿಲ್ಲ, ಚೆಲ್ಲಿದ ನೀರೆಲ್ಲ ಮಣ್ಣಿಗೇ ಸೇರುತ್ತದೆ. ರಾತ್ರಿ ಹಾಕಿದರೆ ಹುಲ್ಲು ಬೆಳಗಿನ ತನಕ ಒದ್ದೆಯಾಗಿದ್ದು ಬೂಷ್ಟು ಹಿಡಿಯುವ ಸಾಧ್ಯತೆಯಿದೆ. ಎರೆಮಣ್ಣಿನವರು ಇನ್ನೊಂದು ವಿಷಯ ಗಮನಿಸಬೇಕು. ಈ ಮಣ್ಣು ನೀರನ್ನು ನಿಧಾನವಾಗಿ ಕುಡಿಯುತ್ತದೆ. ಒಮ್ಮೆಲೇ ಸುರಿದರೆ ಅರ್ಧ ನೀರು ಗೇಟಿನ ಕಡೆ ಓಡುತ್ತದೆ. ಅರ್ಧ ಹಾಕಿ, ಹೋಗಿ ಚಹಾ ಮಾಡಿ, ಮುಕ್ಕಾಲು ಗಂಟೆ ಬಿಟ್ಟು ಮಿಕ್ಕ ಅರ್ಧ ಹಾಕಿ. ಕೆಂಪು ಮಸಾರಿ ಮಣ್ಣಿನವರಿಗೆ ಇದರ ಅಗತ್ಯವಿಲ್ಲ, ಅಲ್ಲಿ ನೀರು ಬೇಗ ಇಂಗಿ ಬೇಗ ಕೆಳಗಿಳಿದೂ ಬಿಡುತ್ತದೆ.

ಹುಲ್ಲು ಬಾಯಾರಿದಾಗ ತಾನೇ ಹೇಳುತ್ತದೆ. ನೀವು ನಡೆದ ಹೆಜ್ಜೆಯ ಗುರುತು ಹುಲ್ಲಿನ ಮೇಲೆ ಹಾಗೆಯೇ ಉಳಿದರೆ, ಹಸಿರು ಬೂದು-ನೀಲಿಗೆ ತಿರುಗಿದ್ದರೆ ನೀರು ಕೊಡಿ. ಹೆಜ್ಜೆ ಎತ್ತಿದೊಡನೆ ಹುಲ್ಲು ಮತ್ತೆ ನಿಂತರೆ ಇನ್ನೊಂದು ದಿನ ಕಾಯಬಹುದು. ಬರಗಾಲ ಬಂದು, ವುಝೂ ನೀರಿಗೂ ತತ್ವಾರವಾದರೆ ಹೆದರಬೇಡಿ. ಗರಿಕೆ ಕಂದು ಬಣ್ಣಕ್ಕೆ ತಿರುಗುತ್ತದೆ, ಆದರೆ ಸಾಯುವುದಿಲ್ಲ. ಮೂರು-ನಾಲ್ಕು ವಾರಕ್ಕೊಮ್ಮೆ ಅರ್ಧ ಅಂಗುಲ ನೀರು ಸಿಕ್ಕಿದರೂ ಅದರ ಬುಡ ಜೀವ ಹಿಡಿದುಕೊಂಡಿರುತ್ತದೆ. ಸತ್ತಂತೆ ಬಿದ್ದ ನೆಲ ಮಳೆ ಬಿದ್ದೊಡನೆ ಮಿಸುಕಾಡಿ ಹಸಿರಾಗುವುದನ್ನು ಪುನರುತ್ಥಾನಕ್ಕೆ ಕುರುಹಾಗಿ ಅಲ್ಲಾಹನು ಪವಿತ್ರ ಕುರ್‌ಆನ್‌ನ ಸೂರಃ ಹಜ್ಜ್‌ನಲ್ಲಿ ತೋರಿಸಿದ್ದಾನಷ್ಟೆ. ಬಯಲುಸೀಮೆಯವರಾದ ನಾವು ಅದನ್ನು ಪ್ರತಿ ವರ್ಷ ಜೂನ್‌ನಲ್ಲಿ ಮನೆಬಾಗಿಲಲ್ಲೇ ನೋಡುತ್ತೇವೆ.

ಕತ್ತರಿ, ಗೊಬ್ಬರ, ಉಪ್ಪು

ಬೇಸಿಗೆಯಲ್ಲಿ ಹುಲ್ಲನ್ನು ಬೋಳಾಗಿ ಕತ್ತರಿಸುವುದು ಎಲ್ಲೆಡೆ ಕಾಣುವ ತಪ್ಪು. ಉದ್ದ ಎಲೆ ತನ್ನ ಬುಡಕ್ಕೆ ತಾನೇ ನೆರಳು. ಎರಡು ಅಂಗುಲ ಬಿಡಿ. ಒಮ್ಮೆಗೆ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಕತ್ತರಿಸಬೇಡಿ. ಇಷ್ಟು ಚಿಕ್ಕ ಜಾಗಕ್ಕೆ ಯಂತ್ರ ಬೇಡ, ದೊಡ್ಡ ಕತ್ತರಿ ಸಾಕು, ಆದರೆ ಅದು ಹರಿತವಾಗಿರಲಿ. ಮೊಂಡು ಕತ್ತರಿ ಎಲೆಯನ್ನು ಹರಿಯುತ್ತದೆ, ತುದಿ ಬಿಳಿಚಿಕೊಂಡು ಒಣಗುತ್ತದೆ. ಕತ್ತರಿಸಿದ ಚೂರುಗಳನ್ನು ಅಲ್ಲೇ ಬಿಟ್ಟರೆ ನೆರಳೂ ಆಯಿತು, ಗೊಬ್ಬರವೂ ಆಯಿತು.

ಏಪ್ರಿಲ್-ಮೇನಲ್ಲಿ ಯೂರಿಯಾ ಹಾಕಬೇಡಿ. ಅದು ಹುಲ್ಲನ್ನು ಬೆಳೆಯುವಂತೆ ಒತ್ತಾಯಿಸುತ್ತದೆ, ಬೆಳೆದದ್ದು ನೀರು ಕೇಳುತ್ತದೆ. ಮಳೆ ಹಿಡಿದ ಮೇಲೆ ಜರಡಿ ಹಿಡಿದ ತಿಪ್ಪೆಗೊಬ್ಬರವನ್ನು ತೆಳುವಾಗಿ ಎರಚಿದರೆ ವರ್ಷದ ಊಟ ಆದಂತೆ.

ಕೊಳವೆ ಬಾವಿಯ ಗಡಸು ನೀರು ಹಾಕುವವರ ಅಂಗಳದಲ್ಲಿ ಬಿಳಿ ಪದರ ಕಾಣಿಸಿಕೊಳ್ಳುತ್ತದೆ, ಕೆಟಲ್ ತಳದಲ್ಲಿ ಕಟ್ಟುವ ಸುಣ್ಣದಂತೆ. ಅದು ಉಪ್ಪು. ದಿನಾ ಸ್ವಲ್ಪ ಸ್ವಲ್ಪ ಚಿಮುಕಿಸಿದಷ್ಟೂ ನೀರು ಆರಿ ಉಪ್ಪು ಮೇಲೆಯೇ ಉಳಿಯುತ್ತದೆ. ಆಳವಾಗಿ ನೀರು ಹಾಕಲು ಇದು ಇನ್ನೊಂದು ಕಾರಣ. ಮಳೆಗಾಲದಲ್ಲಿ ಮಾಳಿಗೆಯ ನೀರನ್ನು ಹುಲ್ಲಿನ ಮೇಲೆ ಹರಿಯಬಿಟ್ಟರೆ ವರ್ಷವಿಡೀ ಕೂಡಿದ ಉಪ್ಪು ತೊಳೆದುಹೋಗುತ್ತದೆ.

ಪ್ಲಾಸ್ಟಿಕ್ ಹುಲ್ಲಿನ ಬಗ್ಗೆ ಕೇಳುವವರಿದ್ದಾರೆ. ನೀರು ಬೇಡ, ನಿಜ. ಆದರೆ ಮೇ ತಿಂಗಳ ಮಧ್ಯಾಹ್ನ ಅದು ಕಲ್ಲಿಗಿಂತಲೂ ಬಿಸಿಯಾಗಬಲ್ಲದು, ಮಗುವಿನ ಅಂಗಾಲು ಸುಡುತ್ತದೆ. ತಂಪಿಗಾಗಿ ಹಾಕುವ ಹುಲ್ಲೇ ಸುಡುವುದಾದರೆ ಹಾಕಿ ಫಲವೇನು? ಅದರ ಬದಲು ಬೇವಿನ ಕೆಳಗೆ ಚಾಪೆ ಹಾಸಿಕೊಳ್ಳಿ. ನಮ್ಮ ಹಿರಿಯರು ಮಾಡಿದ್ದೂ ಅದನ್ನೇ. ಗೋಲಗುಮ್ಮಟದ ಮುಂದಿನ ಹುಲ್ಲುಹಾಸನ್ನು ನೋಡಿ ಆದಿಲ್‌ಶಾಹಿಗಳ ಕಾಲದಿಂದಲೂ ಹೀಗೇ ಇತ್ತೆಂದು ಭಾವಿಸುವುದು ಬೇಡ. ಸ್ಮಾರಕದ ಸುತ್ತ ಬಯಲಾಗಿ ಹುಲ್ಲು ಹಾಸುವುದು ಇಂಗ್ಲಿಷರಿಂದ ಬಂದ ರೂಢಿ. ತಾಜ್‌ಮಹಲಿನ ಮುಂದಿನ ಹುಲ್ಲೂ ಬ್ರಿಟಿಷರ ಕಾಲದ್ದೇ. ಆದಿಲ್‌ಶಾಹಿಗಳು ಕಟ್ಟಿಸಿದ್ದು ತಾಜ್ ಬಾವಡಿ, 1651ರ ಬೇಗಂ ತಲಾಬ್, ಅಲ್ಲಿಂದ ಮಣ್ಣಿನ ಕೊಳವೆಗಳಲ್ಲಿ ಊರೊಳಗೆ ಬರುವ ನೀರು. ಅವರ ತೋಟದಲ್ಲಿ ಹಣ್ಣಿನ ಮರ, ನೆರಳು, ಕಾಲುವೆ ಇರುತ್ತಿದ್ದವು. ಅವರಿಗೆ ಬಿಸಿಲಿನ ಗುಣ ಗೊತ್ತಿತ್ತು.

ಬಕ್ರೀದ್ ಕುರಿಯ ವಿಷಯ

ಈಚಿನ ವರ್ಷಗಳಲ್ಲಿ ಬಕ್ರೀದ್ ಮೇ-ಜೂನ್ ತಿಂಗಳಲ್ಲಿ ಬರುತ್ತಿದೆ, ಅಂದರೆ ಹುಲ್ಲಿಗೆ ಅತಿ ಕಷ್ಟದ ಕಾಲದಲ್ಲಿ. ಹಬ್ಬಕ್ಕೆ ವಾರವಿರುವಾಗಲೇ ಕುರಿಯನ್ನು ತಂದು ಮಕ್ಕಳ ಹಟಕ್ಕೆ ಹುಲ್ಲಿನ ಮೇಲೆ ಕಟ್ಟುತ್ತೇವೆ. ಅದು ಬುಡಮಟ್ಟ ಮೇಯುತ್ತದೆ, ಗೊರಸಿನಿಂದ ಮಣ್ಣು ಗಟ್ಟಿಯಾಗುತ್ತದೆ, ಮೂತ್ರ ಬಿದ್ದಲ್ಲೆಲ್ಲ ತಟ್ಟೆಯಗಲದ ಹಳದಿ ಗುರುತು. ಕುರಿಯನ್ನು ಮರದ ನೆರಳಿಗೆ ಕಟ್ಟಿ, ಕತ್ತರಿಸಿದ ಹುಲ್ಲನ್ನು ಅದರ ಮುಂದೆ ಹಾಕಿ. ಹಳದಿ ಗುರುತು ಆಗಿದ್ದರೆ ಆ ಜಾಗಕ್ಕೆ ಮಾತ್ರ ಎರಡು ಬಕೆಟ್ ನೀರು ಸುರಿದು ಬಿಡಿ, ಹೊಸ ಚಿಗುರು ಬರುತ್ತದೆ. ಝಬಹ್ ಮಾಡಿದ ರಕ್ತವನ್ನೂ ಹುಲ್ಲಿನ ಮೇಲೆ ಹರಿಯಬಿಡಬಾರದು; ಶುದ್ಧಿಯ ಪ್ರಶ್ನೆ ಒಂದು ಕಡೆಯಾದರೆ, ಹುಲ್ಲು ಸುಡುವುದು, ನೊಣ ಮುತ್ತುವುದು ಇನ್ನೊಂದು ಕಡೆ.

ಇನ್ನೂ ಹುಲ್ಲೇ ಹಾಕದವರು ಬೇಸಿಗೆಯಲ್ಲಿ ನರ್ಸರಿಗೆ ಓಡಬೇಡಿ. ಅಲ್ಲಿ ತೋರಿಸುವ ಮೆಕ್ಸಿಕನ್, ಕೊರಿಯನ್ ಹುಲ್ಲಿನ ಚೌಕಗಳು ನೋಡಲು ಮಖಮಲ್ಲು. ಆದರೆ ನಮ್ಮ ಬಿಸಿಲಿಗೆ, ನಮ್ಮ ನೀರಿನ ಬಡತನಕ್ಕೆ ಹೊಲದ ಬದುವಿನ ಗರಿಕೆಯೇ ಲೇಸು. ದಿನಕ್ಕೆ ಐದಾರು ಗಂಟೆ ಬಿಸಿಲು ಬೀಳುವ ಜಾಗ ಆರಿಸಿ. ಮರದ ದಟ್ಟ ನೆರಳಿನಲ್ಲಿ ಗರಿಕೆ ಬಾರದು. ಈಗಲೇ ನೆಲವನ್ನು ಒಂದು ಗೇಣು ಅಗೆದು, ಜೇಕಿನ ಗಡ್ಡೆ, ಪಾರ್ಥೇನಿಯಂ ಗಿಡಗಳನ್ನು ಬೇರುಸಹಿತ ಕಿತ್ತು ಮೇ ಬಿಸಿಲಿಗೆ ಒಣಗಲು ಬಿಡಿ. ಜೇಕಿನ ಒಂದು ಗಡ್ಡೆ ಉಳಿದರೂ ಮುಂದೆ ನೀವು ಕೀಳುತ್ತಲೇ ಇರಬೇಕಾಗುತ್ತದೆ. ಎರೆಮಣ್ಣಿಗೆ ಮರಳು, ಹಳೆಯ ತಿಪ್ಪೆಗೊಬ್ಬರ ಧಾರಾಳವಾಗಿ ಬೆರೆಸಿ, ಮಳೆನೀರು ನಿಲ್ಲದಂತೆ ಒಂದು ಕಡೆಗೆ ಸ್ವಲ್ಪ ಇಳಿಜಾರು ಕೊಡಿ. ಜೂನ್‌ನಲ್ಲಿ ಎರಡು ಹದ ಮಳೆಯಾದ ಮೇಲೆ ಹೊಲಕ್ಕೆ ಹೋಗುವವರಿಗೆ ಹೇಳಿ ಒಂದು ಚೀಲ ಗರಿಕೆಯ ಬಳ್ಳಿ ತರಿಸಿ. ಎರಡು ಮೂರು ಗಿಣ್ಣು ಇರುವ ತುಂಡುಗಳಾಗಿ ಮಾಡಿ, ನಾಲ್ಕು ಅಂಗುಲಕ್ಕೊಂದರಂತೆ ಗೆರೆಯಲ್ಲಿ ನೆಟ್ಟು ತುದಿ ಮಾತ್ರ ಕಾಣುವಂತೆ ಮಣ್ಣು ಮುಚ್ಚಿ, ಅಂಗೈಯಿಂದ ಅದುಮಿ. ಮೊದಲ ಎರಡು ವಾರ ಮಳೆ ತಪ್ಪಿದ ದಿನ ಮಾತ್ರ ಸಣ್ಣಗೆ ನೀರು ಹಾಕಿ. ಆರರಿಂದ ಎಂಟು ವಾರದಲ್ಲಿ ನೆಲ ಮುಚ್ಚಿಕೊಳ್ಳುತ್ತದೆ. ಅಲ್ಲಿಯವರೆಗೆ ಮಕ್ಕಳ ಸೈಕಲನ್ನೂ ನೆರೆಮನೆಯ ಕೋಳಿಗಳನ್ನೂ ಆ ಕಡೆಗೆ ಬಿಡಬೇಡಿ.